ಪಾದ್ರಿಯನ್ನು ಗೆಲ್ಲಿಸಿ ಸಾಗಹಾಕಿದ್ದು

ಹ್ಯಾರೋ ಮಿಲ್ಸ್ ಚರ್ಚಿನ ನೆಲಮಾಳಿಗೆಯಲ್ಲಿ ಶರತ್ಕಾಲದ ಸಭೆ ಮುಗಿಯುತ್ತಾ ಬಂದಿತ್ತು. ಕಾಫಿ ಆರಿ ಹೋಗಿತ್ತು, ಡೋನಟ್ ತಟ್ಟೆಯಲ್ಲಿ ಬರೀ ಸಕ್ಕರೆಪುಡಿ ಉಳಿದಿತ್ತು. ಚಾವಣಿ ರಿಪೇರಿಯ ವಿಷಯವನ್ನು ಎಂದಿನಂತೆ ಮುಂದಿನ ಸಭೆಗೆ ತಳ್ಳಿ, ಜನ ಕೋಟು ಹುಡುಕುತ್ತಿದ್ದರು. ಆಗ ಪಾದ್ರಿ ಲೋವೆಲ್ ಸಾಯರ್ ಎದ್ದು ನಿಂತು, ಎರಡೂ ಅಂಗೈಗಳನ್ನು ಎದೆಗೊತ್ತಿಕೊಂಡು, ತನ್ನದೊಂದು ಮಾತಿದೆ ಎಂದ.

"ದೇಶದ ಬೇರೆಬೇರೆ ಕಡೆಯ ಗೆಳೆಯರು ನನ್ನನ್ನ ಕೇಳ್ಕೊಂಡಿದ್ದಾರೆ, ನಮ್ಮ ಪಂಥದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿ ಅಂತ. ನಾನು ಬೇಡ ಅಂದೆ. ಮತ್ತೆ ಕೇಳಿದ್ರು. ಕಾಡಿಗೆ ಹೋಗಿ ಒಂದು ಮರದ ಬುಡದಲ್ಲಿ ಕೂತ್ಕೊಂಡೆ. ಆ ಮರ ನನಗೆ…"

ಇಲ್ಲಿಗೆ ಅವನ ಗಂಟಲು ಕಟ್ಟಿತು. ಮರ ಏನು ಹೇಳಿತೆಂಬುದು ಕಡೆಗೂ ಯಾರಿಗೂ ತಿಳಿಯಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ಕುರ್ಚಿ ಕಿರ್ರೆಂದಿತು. ಥೀಡಾ ಬ್ರಾಕೆಟ್ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದ್ದಳು.

ಆರ್ಗನ್ ನುಡಿಸುವ ಗಸ್ ಲಿಂಡ್‌ಕ್ವಿಸ್ಟ್ ಅವಳ ಪಕ್ಕದಲ್ಲೇ ಕೂತಿದ್ದ. ಅವನ ಕೈಯಲ್ಲಿದ್ದ ಲೋಟ ವಾಲಿ ಕಾಫಿ ಪ್ಯಾಂಟಿನ ಮೇಲೆ ಚೆಲ್ಲಿತು. ಥೀಡಾ ಈ ಪಾದ್ರಿಯ ಜೊತೆ ಆರು ವರ್ಷದಿಂದ ನೆಟ್ಟಗೆ ಮಾತಾಡಿದವಳಲ್ಲ. ಅದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಅವಳೇ ತಟ್ಟಿದ ಮೇಲೆ ತಾವು ಸುಮ್ಮನಿದ್ದರೆ ಹೇಗೆಂದು ಉಳಿದವರೂ ತಟ್ಟಿದರು. ಸಾಯರನ ಕಣ್ಣಲ್ಲಿ ನೀರು ಬಂತು. ಬರುವುದೇನು, ಅದು ಯಾವಾಗಲೂ ಅಲ್ಲೇ ಬಾಗಿಲಲ್ಲಿ ಕಾದು ನಿಂತಿರುತ್ತಿತ್ತು.

ಹೊರಗೆ ಬಂದ ಮೇಲೆ ಗಸ್ ಅವಳ ತೋಳು ಹಿಡಿದು ನಿಲ್ಲಿಸಿದ.

"ಏನೇ ಇದು? ತಲೆ ಕೆಟ್ಟಿದೆಯಾ ನಿನಗೆ?"

"ಅಧ್ಯಕ್ಷರಾದೋರು ಎಲ್ಲಿರಬೇಕು, ಗಸ್?"

"ಬಾಸ್ಟನ್ನಲ್ಲಿ. ಮುಖ್ಯ ಕಚೇರಿ ಅಲ್ಲೇ ತಾನೇ ಇರೋದು."

"ಇಲ್ಲಿ ಇರೋ ಹಾಗಿಲ್ಲ ಅಲ್ವಾ?"

ಗಸ್ ಒದ್ದೆ ಪ್ಯಾಂಟು ಒರೆಸಿಕೊಳ್ಳುತ್ತಾ, ಕೆಮ್ಮು ಬರುವ ತನಕ ನಕ್ಕ.

ಥೀಡಾ ಹುಟ್ಟಿದ್ದು ಅದೇ ಊರಿನಲ್ಲಿ, ಷೂ ಕಾರ್ಖಾನೆಯ ಮೇಸ್ತ್ರಿಯ ಮಗಳಾಗಿ. ತಾಯಿ ಅವಳನ್ನು ಎಳೆದುಕೊಂಡು ಹೋಗುತ್ತಿದ್ದ ಚರ್ಚಿನಲ್ಲಿ ಪ್ರತಿ ಭಾನುವಾರ ನರಕದ ಬೆಂಕಿ ಉರಿಯುತ್ತಿತ್ತು. ಅಲ್ಲಿನ ಪಾದ್ರಿ ಗಂಟೆಗಟ್ಟಲೆ ಗುಡುಗಿ, ಮನೆಗಳಿಗೆ ಹೋಗಿ ಹಂದಿ ತೊಡೆಯ ಊಟ ಜಡಿಯುತ್ತಿದ್ದ. ಹೊಟ್ಟೆ ತುಂಬಿದ ಮೇಲೆ ನರಕದ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ದೊಡ್ಡವರೆಂದರೆ ಇಷ್ಟೇ ಎಂದು ಆ ವಯಸ್ಸಿಗೇ ಅವಳು ತೀರ್ಮಾನಿಸಿಬಿಟ್ಟಿದ್ದಳು. ಮುಂದೆ ಆ ತೀರ್ಮಾನ ಬದಲಿಸಲು ಅವಳಿಗೆ ಕಾರಣ ಸಿಗಲಿಲ್ಲ, ಅವಳು ಹುಡುಕಲೂ ಇಲ್ಲ.

ಕೈಹಿಡಿದದ್ದು ಓರಿನ್ ಬ್ರಾಕೆಟ್ ಎಂಬ ಎಲೆಕ್ಟ್ರಿಷಿಯನ್‌ನನ್ನು. ಮಾತು ಕಮ್ಮಿಯ ಮನುಷ್ಯ. ಊರ ನಡುವಿನ ಹಸಿರು ಬಯಲಿನಂಚಿನ ಈ ಬಿಳಿ ಚರ್ಚಿಗೆ ತಂತಿ ಎಳೆಯಲು ಹೋದವನು ಅಲ್ಲಿನ ಜನ ಏನನ್ನೂ ಕೇಳುವುದಿಲ್ಲವೆಂದು ಮೆಚ್ಚಿ, ಅವಳನ್ನೂ ಕರೆದುಕೊಂಡು ಹೋದ. ನಿಜ, ಅವರು ಏನನ್ನೂ ಕೇಳುತ್ತಿರಲಿಲ್ಲ. ಆ ಪಂಥದಲ್ಲಿ ದೇವರನ್ನು ನಂಬುವವರಿದ್ದರು, ನಂಬದವರಿದ್ದರು, ನಂಬಿಕೆಯ ಮಾತೆತ್ತುವುದೇ ಅಸಭ್ಯ ಎನ್ನುವವರು ಎಲ್ಲರಿಗಿಂತ ಹೆಚ್ಚಿದ್ದರು. ಪಾಪ ಎಂಬ ಮಾತು ಅಲ್ಲಿ ಕಿವಿಗೆ ಬೀಳುತ್ತಿರಲಿಲ್ಲ, ಸಮಿತಿ ಎಂಬ ಮಾತು ಬೀಳುತ್ತಿತ್ತು. ನರಕಕ್ಕಿಂತ ಸಮಿತಿಯೇ ವಾಸಿ ಎಂದುಕೊಂಡು ಥೀಡಾ ಅಲ್ಲೇ ನಿಂತಳು.

ಕಾರ್ಖಾನೆಗಳು ಮುಚ್ಚಿ, ಪಟ್ಟಣದ ಜನ ಹಳೇ ಮನೆಗಳನ್ನು ಹುಡುಕಿಕೊಂಡು ಬರತೊಡಗಿದಾಗ ಅವಳು ಮನೆ ಮಾರಿಸುವ ದಲ್ಲಾಳಿಯಾದಳು. ಮೂವತ್ತು ವರ್ಷಕ್ಕೂ ಮೇಲೆ ಅದೇ ಕಸುಬು. ಕೊಳ್ಳಲು ಬಂದವರನ್ನು ಕಂಡರೆ ಅವಳಿಗಾಗದು. 'ಹಳೇ ಕಾಲದ ಮನೇನೇ ಬೇಕು' ಎಂದು ಕಣ್ಣರಳಿಸಿ ಬಂದು, ಯಾವ ಗೋಡೆ ಒಡೆಸಬಹುದೆಂದು ಮೊದಲು ಕೇಳುವ ಮಂದಿ. ಮಾರುವವರನ್ನು ಕಂಡರೆ ಇನ್ನೂ ಆಗದು. ಸತ್ತ ತಾಯಿಯ ಮಂಚ ಇನ್ನೂ ಹೊರಗೆ ಹೋಗಿರುವುದಿಲ್ಲ, ಅಷ್ಟರಲ್ಲೇ ಅಣ್ಣತಮ್ಮಂದಿರು ಬಾಗಿಲಲ್ಲಿ ಗುರುಗುಟ್ಟುತ್ತಿರುತ್ತಾರೆ. ಅವಳು ಯಾರಿಗೂ ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಅಡ್ಡಕಸುಬಿಗಳ ಕೆಲಸ ಎನ್ನುತ್ತಿದ್ದಳು. ಗಿರಾಕಿಯನ್ನು ಯಾವ ಕಿಟಕಿಯ ಹತ್ತಿರ ನಿಲ್ಲಿಸಬೇಕೆಂದು ತಿಳಿದಿದ್ದರೆ ಸಾಕು. ನೆಲಮಾಳಿಗೆ ಸೋರುವ ಮನೆಯಾದರೆ ಅಟ್ಟದ ಕಿಟಕಿಯಿಂದ ಹೊಳೆ ತೋರಿಸಬೇಕು. ನೀರು ಎರಡೂ ಕಡೆ ಇರುತ್ತದೆ, ನೋಡುವ ಜಾಗ ಬೇರೆ.

ಸಾಯರ್ ಆ ಊರಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಎತ್ತರದ ಆಳು, ಬೆಳ್ಳಿಗೂದಲು, ಬೆಣ್ಣೆ ಹಚ್ಚಿದಂಥ ದನಿ. ಬಂದವನೇ ಎಲ್ಲದರ ಹೆಸರು ಬದಲಿಸಿದ. ಪ್ರವಚನ 'ಹಂಚಿಕೆ'ಯಾಯಿತು, ಕಾಣಿಕೆ 'ಹರಿವು' ಆಯಿತು. ಗಸ್ಸನ ಆರ್ಗನ್ ಜನರನ್ನು ಹೆದರಿಸುತ್ತದೆಂದು ತಿಂಗಳಿಗೊಂದು ಭಾನುವಾರ ಅದರ ಬಾಯಿ ಮುಚ್ಚಿಸಿ ಕೈಡೋಲು ಹೊಡೆಸಿದ. ಯಾರಾದರೂ ಕಷ್ಟ ಹೇಳಿಕೊಂಡರೆ, 'ನಿಮ್ಮನ್ನ ನನ್ನ ಹೃದಯದಲ್ಲಿ ಹಿಡ್ಕೊಂಡಿದೀನಿ' ಎನ್ನುತ್ತಿದ್ದ. ಹಿಡಿದುಕೊಂಡವನು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದನ್ನು ಮಾತ್ರ ಕಂಡವರಿಲ್ಲ. 'ರೆವರೆಂಡ್ ಅನ್ಬೇಡಿ, ಲೋವೆಲ್ ಅನ್ನಿ' ಎಂದು ಎಲ್ಲರ ಭುಜ ತಟ್ಟುತ್ತಿದ್ದ. ಊರೆಲ್ಲ ಲೋವೆಲ್ ಎಂದಿತು. ಥೀಡಾ ಒಬ್ಬಳು ರೆವರೆಂಡ್ ಎಂದೇ ಉಳಿಸಿಕೊಂಡಳು. ಅಷ್ಟು ದೂರ ಅವಳಿಗೆ ಬೇಕಾಗಿತ್ತು.

ಇಷ್ಟನ್ನೆಲ್ಲ ಅವಳು ಮೂಗು ಮುರಿದು ಸಹಿಸಿಕೊಂಡಿದ್ದಳು. ಓರಿನ್ ಸತ್ತಾಗ ಮಾತ್ರ ಆಗಲಿಲ್ಲ. ಅವನು ವುಸ್ಟರ್ ಆಸ್ಪತ್ರೆಯಲ್ಲಿ ಮೂರು ವಾರ ಮಲಗಿದ್ದ. ಸಾಯರ್ ಆಗ ಎಲ್ಲೋ ಬೆಟ್ಟದ ಮೇಲೆ ಮೌನ ಶಿಬಿರದಲ್ಲಿದ್ದ. ಅಂತ್ಯಕ್ರಿಯೆಗೆ ಬಿಸಿಲಿಗೆ ಕೆಂಪಾದ ಮೂಗು ಹೊತ್ತು ಬಂದ. ಬಂದು, ಶವಪೆಟ್ಟಿಗೆಯ ಮುಂದೆ ನಿಂತು ತನ್ನ ಬೆಟ್ಟದ ಅನುಭವ ಹೇಳಿದ, ತನ್ನ ತಂದೆಯ ಸಾವಿನ ಬಗ್ಗೆ ಹೇಳಿದ, ನಡುನಡುವೆ ಸತ್ತವನನ್ನು 'ನಮ್ಮ ಓವೆನ್' ಎಂದ. ಒಂದು ಸಲವಲ್ಲ, ಮತ್ತೆ ಮತ್ತೆ. ಓವೆನ್ ಎಂಥ ಗೆಳೆಯ, ಓವೆನ್ ಎಂಥ ಗಂಡ. ಮುಂದಿನ ಸಾಲಿನಲ್ಲಿ ಕೂತ ಥೀಡಾ, ಇನ್ಯಾರದೋ ಗಂಡನನ್ನು ಹೂಳಲು ಬಂದವಳಂತೆ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ತಿದ್ದಲಿಲ್ಲ. ತಿದ್ದಿದ್ದರೆ ಅವನು ಅಳುತ್ತಿದ್ದ, ಆಮೇಲೆ ಎಲ್ಲರೂ ಅವನನ್ನೇ ಸಮಾಧಾನ ಮಾಡಬೇಕಾಗುತ್ತಿತ್ತು.

ಅವನನ್ನು ಕಿತ್ತೊಗೆಯುವುದು ಸುಲಭವಿರಲಿಲ್ಲ. ಆ ಪಂಥದಲ್ಲಿ ಪಾದ್ರಿಯನ್ನು ಮೇಲಿನವರು ಕಳಿಸುವುದೂ ಇಲ್ಲ, ಕರೆಸಿಕೊಳ್ಳುವುದೂ ಇಲ್ಲ. ಇಟ್ಟುಕೊಳ್ಳುವವರೂ ಬಿಡಿಸುವವರೂ ಊರಿನ ಸಭೆಯವರೇ. ಅರ್ಧ ಸಭೆ, ಅದರಲ್ಲೂ ಮುದುಕಿಯರು, ಅವನ ದನಿಗೆ ಕರಗಿ ಹೋಗಿದ್ದರು. ಥೀಡಾ ಹೊಸ ಮದುವಣಗಿತ್ತಿಯಾಗಿದ್ದಾಗ ಹೀಗೇ ಒಬ್ಬ ಪಾದ್ರಿಯನ್ನು ಬಿಡಿಸಲು ಹೋಗಿ ಚರ್ಚೇ ಎರಡು ಹೋಳಾಗಿತ್ತು. ಒಂದು ಹೋಳು ಬಯಲಿನಾಚೆಯ ಚರ್ಚಿಗೆ ಸೇರಿಕೊಂಡು, ಇಂದಿಗೂ ಅಂಗಡಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತದೆ. ಹಾಗಾಗಿ ಕೆಳಗೆ ತಳ್ಳುವ ದಾರಿ ಮುಚ್ಚಿತ್ತು. ಮೇಲಕ್ಕೆ ತಳ್ಳಬಹುದೆಂದು ಅವಳಿಗೆ ಆ ದಿನ, ಆರಿದ ಕಾಫಿಯ ಮುಂದೆ, ಹೊಳೆದುಬಿಟ್ಟಿತು.

ಮಾರನೇ ವಾರ ಸಾಯರನ ಬೆಂಬಲಿಗರ ಸಮಿತಿಯಾಯಿತು. ಥೀಡಾ ಅದರ ಮುಖ್ಯಸ್ಥೆ. ದೇಶದಲ್ಲಿರುವ ಅವರ ಚರ್ಚುಗಳೆಲ್ಲ ಪ್ರತಿನಿಧಿಗಳನ್ನು ಕಳಿಸುತ್ತವೆ. ಜೂನ್ ತಿಂಗಳಲ್ಲಿ ಪ್ರಾವಿಡೆನ್ಸಿನಲ್ಲಿ ಅವರೆಲ್ಲ ಸೇರಿ ಮತ ಹಾಕುತ್ತಾರೆ. ಅಲ್ಲಿಯವರೆಗೆ ಅವರ ಮನಸ್ಸು ಒಲಿಸಬೇಕು. ಥೀಡಾ ಫೋನು ಹಿಡಿದು ಕೂತಳು. ಒಹಾಯೋದ ಸಮಿತಿ, ಆರೆಗಾನ್‌ನ ಸಮಿತಿ, ಟೆಕ್ಸಾಸಿನಲ್ಲಿ ಸಮಿತಿಗಳನ್ನು ನೋಡಿಕೊಳ್ಳುವ ಸಮಿತಿ. ಎಲ್ಲ ಕಡೆಯೂ ಅದೇ ಜನ. ನಿವೃತ್ತ ಮಾಸ್ತರರು, ನಿವೃತ್ತ ವಕೀಲರು, ಜಗತ್ತನ್ನು ತಿದ್ದುವ ಉಮೇದಿನಲ್ಲಿ ಪಕ್ಕದವರ ಮಾತಿಗೆ ಬಾಯಿ ಹಾಕುವವರು. ಅವರೆಲ್ಲರಿಗೂ ಅವಳು ನಿಜವನ್ನೇ ಹೇಳಿದಳು.

"ಅವರ ಮಾತು ಒಂದ್ಸಲ ಕೇಳಿದೋರು ಮರೆಯೋಕಾಗಲ್ಲ," ಎಂದಳು ಒಹಾಯೋದವರಿಗೆ. ಅದು ನಿಜ, ಅವಳು ಮರೆತಿರಲಿಲ್ಲ.

"ನಮ್ಮ ಚರ್ಚಿಗೆ ಏನು ಮಾಡಿದಾರೋ ಅದನ್ನ ಇಡೀ ಪಂಥಕ್ಕೆ ಮಾಡ್ತಾರೆ, ನೀವೇ ನೋಡಿ," ಎಂದಳು ಟೆಕ್ಸಾಸಿನವರಿಗೆ.

"ಅವರನ್ನ ಬಿಟ್ಕೊಡೋಕೆ ನಿಮ್ಮೂರಿಗೆ ಕಷ್ಟ ಆಗಲ್ವಾ ಮೇಡಂ?" ಎಂದು ಆರೆಗಾನ್‌ನ ಒಬ್ಬಾಕೆ ಕರಗಿದ ದನಿಯಲ್ಲಿ ಕೇಳಿದಳು.

"ದೊಡ್ಡ ಕೆಲಸಕ್ಕೆ ಸಣ್ಣ ಊರು ತ್ಯಾಗ ಮಾಡಬೇಕಾಗುತ್ತೆ ಅಲ್ವಾ," ಎಂದು ಥೀಡಾ ನಿಟ್ಟುಸಿರು ಬಿಟ್ಟಳು. ಎದುರು ಕುರ್ಚಿಯಲ್ಲಿ ಸೇಬು ಹೆಚ್ಚುತ್ತಿದ್ದ ಗಸ್ ಚಾಕು ಕೆಳಗಿಟ್ಟು ಎದ್ದು ಬಚ್ಚಲಿಗೆ ಹೋದ. ಅಲ್ಲಿಂದ ಅವನ ನಗು ಕೇಳುತ್ತಿತ್ತು.

ಸರಕನ್ನೂ ತಿದ್ದಬೇಕಿತ್ತು. ಸಾಯರನ ಚಿತ್ರ ತೆಗೆಸುವಾಗ ಅವಳು ಅವನನ್ನು ಪೂರ್ವದ ಕಿಟಕಿಗೆ ಬೆನ್ನು ಮಾಡಿ ನಿಲ್ಲಿಸಿದಳು. ಬೆಳ್ಳಿಗೂದಲಿನ ಸುತ್ತ ಬೆಳಕು ಬಂತು, ಗಲ್ಲದ ಜೋಲು ನೆರಳಿಗೆ ಹೋಯಿತು. ಭಾಷಣದ ತಾಲೀಮಿನಲ್ಲಿ ಅವನು ಮೂರನೇ ವಾಕ್ಯಕ್ಕೇ ಬಿಕ್ಕತೊಡಗಿದಾಗ, ಕೈಯೆತ್ತಿ ತಡೆದಳು.

"ರೆವರೆಂಡ್, ಅಳು ಕಡೆಗೆ ಇಟ್ಕೊಳ್ಳಿ. ಮೊದಲೇ ಅತ್ತರೆ ಜನಕ್ಕೆ ಕಾಯೋಕೆ ಏನೂ ಉಳಿಯಲ್ಲ."

"ಆದರೆ ಅದು ತಾನಾಗೇ ಬರುತ್ತಲ್ಲಾ ಥೀಡಾ. ಒಳಗಿನಿಂದ."

"ಬರಲಿ. ಬಂದಾಗ ಒಂದು ಸ್ವಲ್ಪ ಹೊರಗೆ ನಿಲ್ಸಿ."

ಅವನು ತಲೆಯಾಡಿಸಿ ಬರೆದುಕೊಂಡ. ದಿನ ಕಳೆದಂತೆ ಅವಳನ್ನು ಕೇಳದೆ ಟೈ ಕೂಡ ಕಟ್ಟದಾದ. ಬೆಳಗಾದರೆ ಫೋನು. 'ನನ್ನ ಮೇಲೆ ನಿಮ್ಮಷ್ಟು ನಂಬಿಕೆ ಇಟ್ಟೋರು ಯಾರೂ ಇಲ್ಲ ಥೀಡಾ' ಎಂದು ಒಂದು ದಿನ ಹೇಳಿದ. ಅವಳು ಫೋನನ್ನು ಕಿವಿಯಿಂದ ದೂರ ಹಿಡಿದು, ಒಲೆಯ ಮೇಲಿದ್ದ ಬೀನ್ಸಿಗೆ ಕಾಕಂಬಿ ಸುರಿದಳು.

ಮಾರ್ಚಿನಲ್ಲಿ ವುಸ್ಟರಿನ ಒಂದು ಸಭಾಂಗಣದಲ್ಲಿ ಅಭ್ಯರ್ಥಿಗಳಿಬ್ಬರನ್ನೂ ಕೂರಿಸಿ ಮಾತಾಡಿಸಿದರು. ಎದುರಾಳಿ ಐಡಾ ಪೆಲ್ಕಿ, ಮೇನ್ ರಾಜ್ಯದ ಒಂದು ಕಾಗದದ ಗಿರಣಿ ಊರಿನ ಪಾದ್ರಿ. ಗಿಡ್ಡ ಹೆಂಗಸು, ದಪ್ಪ ಕನ್ನಡಕ. ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾದಳು. ಪಂಥದಲ್ಲಿ ಜನ ಕಡಿಮೆಯಾಗುತ್ತಿದ್ದಾರಲ್ಲ, ಏನು ಮಾಡುತ್ತೀರಿ ಎಂದು ಯಾರೋ ಕೇಳಿದ್ದಕ್ಕೆ, 'ನನಗೆ ಗೊತ್ತಿಲ್ಲ, ಬೇರೆಯೋರಿಗೂ ಗೊತ್ತಿಲ್ಲ' ಎಂದಳು. ಸಭೆಗೆ ಅದು ಹಿಡಿಸಲಿಲ್ಲ. ಥೀಡಾಳಿಗೆ ಹಿಡಿಸಿತು.

ಆಮೇಲೆ ಸಾಯರ್ ಎದ್ದ. ಅಳುವನ್ನು ಹೊರಗೆ ನಿಲ್ಲಿಸಿ ಚೆನ್ನಾಗಿಯೇ ಶುರು ಮಾಡಿದ. ನಡುವೆ ದನಿ ತಗ್ಗಿಸಿದ.

"ನಮ್ಮೂರಲ್ಲಿ ಓರಿನ್ ಬ್ರಾಕೆಟ್ ಅಂತ ಒಬ್ಬ ಎಲೆಕ್ಟ್ರಿಷಿಯನ್ ಇದ್ದ. ಸಾಯೋಕೆ ಮುಂಚೆ ಆಸ್ಪತ್ರೆಯಲ್ಲಿ ನನ್ನ ಕೈ ಹಿಡ್ಕೊಂಡು ಹೇಳಿದ. ಲೋವೆಲ್, ಬೆಳಕು ತಂತಿಯೊಳಗಿರಲ್ಲಪ್ಪಾ, ಎರಡು ತಂತಿ ಕೂಡೋ ಜಾಗದಲ್ಲಿರುತ್ತೆ ಅಂದ."

ಸಭೆ ಉಸಿರು ಬಿಗಿಹಿಡಿಯಿತು. ಥೀಡಾಳ ಪಕ್ಕದ ಗಂಡಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಓರಿನ್ ತನ್ನ ಜೀವಮಾನದಲ್ಲಿ ಬೆಳಕಿನ ಬಗ್ಗೆ ಆಡಿದ ಮಾತೆಂದರೆ 'ಫ್ಯೂಸ್ ಹೋಗಿದೆ' ಎಂಬುದೊಂದೇ. ಕಡೆಯ ದಿನಗಳಲ್ಲಿ ಅವನು ಕೈ ಹಿಡಿದದ್ದು ಥೀಡಾಳದು, ಅದೂ ಎತ್ತಿ ಕೂರಿಸು ಎಂಬುದಕ್ಕೆ. ಈ ಸಲ ಹೆಸರು ಸರಿಯಾಗಿತ್ತು, ಉಳಿದದ್ದೆಲ್ಲ ಸುಳ್ಳು. ಅವಳು ಎದ್ದು ಕಾಲುಗಳನ್ನು ದಾಟಿಕೊಂಡು ಹೊರಗಿನ ಓಣಿಗೆ ಬಂದಳು.

ಅಲ್ಲಿ ತನ್ನ ಸರದಿ ಮುಗಿಸಿ ಬಂದಿದ್ದ ಐಡಾ ಪೆಲ್ಕಿ ಬೆಂಚಿನ ಮೇಲೆ ಕೂತು ಟ್ಯೂನಾ ಮೀನಿನ ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು.

"ನೀವು ಸಾಯರ್ ಕಡೆಯೋರಲ್ವಾ? ಮಿಸೆಸ್ ಬ್ರಾಕೆಟ್?" ಎಂದಳು. ಆಮೇಲೆ ಒಳಗಿನಿಂದ ಧ್ವನಿವರ್ಧಕದಲ್ಲಿ ಬಂದ ಹೆಸರಿಗೂ ಇವಳ ಮುಖಕ್ಕೂ ತಾಳೆ ಹಾಕಿ, ಅಗಿಯುವುದನ್ನು ನಿಲ್ಲಿಸಿದಳು. "ಓ. ನಿಮ್ಮ ಯಜಮಾನ್ರು."

"ಹೌದು."

"ಹಾಗಂದಿದ್ರಾ ಅವರು?"

"ಇಲ್ಲ."

ಪೆಲ್ಕಿ ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ಥೀಡಾ ಕೂರಲಿಲ್ಲ.

"ಮತ್ತೆ ಯಾಕೆ ಇವರಿಗೋಸ್ಕರ ಓಡಾಡ್ತೀರಾ?"

"ಅವರ ಮಾತು ಒಂದ್ಸಲ ಕೇಳಿದೋರು—"

"ಬಿಡಿ ಮೇಡಂ." ಪೆಲ್ಕಿ ನಕ್ಕಳು. "ಊರು ಬಿಟ್ಟು ಹೋದ್ರೆ ಸಾಕು ಅಂತ ತಾನೇ?"

ಅಷ್ಟು ವರ್ಷದ ಕಸುಬಿನಲ್ಲಿ ಯಾವ ಗಿರಾಕಿಯೂ ಥೀಡಾಳನ್ನು ಕಿಟಕಿಯಿಂದ ಹೀಗೆ ಈಚೆಗೆಳೆದಿರಲಿಲ್ಲ.

"ಬೇಜಾರು ಮಾಡ್ಕೋಬೇಡಿ. ನನ್ನನ್ನ ನಿಲ್ಸಿರೋರು ಯಾರು ಅನ್ಕೊಂಡ್ರಿ? ನಮ್ಮ ಚರ್ಚಿನ ಖಜಾಂಚಿ, ಅವನ ಹೆಂಡತಿ, ಅವಳ ಅಕ್ಕ. ನನ್ನ ಮುಖ ಕಂಡರಾಗದ ಮೂರು ಜನ. ಎಷ್ಟು ಹೊಗಳ್ತಾರೆ ಗೊತ್ತಾ ನನ್ನನ್ನ!" ಸ್ಯಾಂಡ್‌ವಿಚ್ಚಿನ ಕಾಗದ ಮುದುರಿದಳು. "ಈ ಪಂಥದಲ್ಲಿ ಮೇಲಕ್ಕೆ ಹೋದೋರೆಲ್ಲ ಹಾಗೇ ಹೋದೋರಿರಬೇಕು."

"ಹಾಗಿದ್ರೆ ನೀವು ಯಾಕೆ ಒಪ್ಪಿದ್ರಿ?"

"ಬಾಸ್ಟನ್ನಲ್ಲಿ ಒಳ್ಳೆ ಆಸ್ಪತ್ರೆಗಳಿವೆ. ನನ್ನ ಮಂಡಿ ಸರಿಯಿಲ್ಲ."

ಥೀಡಾ ಆ ವರ್ಷ ಮೊದಲನೇ ಸಲ ಮನಸಾರೆ ನಕ್ಕಳು. ನಕ್ಕವಳು ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತಳು. ಒಳಗೆ ಪ್ರಶ್ನೆಗಳಿಗೆ ಕರೆ ಕೊಟ್ಟಿದ್ದರು. ಒಂದೇ ಒಂದು ಮಾತು ಸಾಕಿತ್ತು. ನಾನು ಓರಿನ್ನನ ಹೆಂಡತಿ, ಈ ಮನುಷ್ಯ ಆ ಆಸ್ಪತ್ರೆಗೆ ಕಾಲಿಟ್ಟಿಲ್ಲ ಎಂದರೆ ಅವನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಮುಗಿದರೆ ಅವನು ಸೋಲುತ್ತಿದ್ದ. ಸೋತರೆ ಹ್ಯಾರೋ ಮಿಲ್ಸಿಗೆ ವಾಪಸು ಬರುತ್ತಿದ್ದ, ಆ ಸೋಲಿನ ಬಗ್ಗೆಯೇ ಮೂರು ವರ್ಷ ಹಂಚಿಕೆ ನಡೆಸುತ್ತಿದ್ದ. ಥೀಡಾ ಒಳಗೆ ಹೋಗಿ ತನ್ನ ಜಾಗದಲ್ಲಿ ಕೂತಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದಾಗ ತಾನೂ ಎದ್ದು ತಟ್ಟಿದಳು. ಪಕ್ಕದ ಗಂಡಸು ಅವಳ ಹೆಸರು ತಿಳಿದು ಎರಡೂ ಕೈ ಹಿಡಿದು ಕುಲುಕಿದ. ನಿಮ್ಮ ಯಜಮಾನರು ಎಂಥ ಜ್ಞಾನಿ ಎಂದ. ಹೌದು ಎಂದಳು.

ಮನೆಗೆ ಬರುವ ದಾರಿಯಲ್ಲಿ ಕಾರು ಓಡಿಸುತ್ತಿದ್ದವನು ಗಸ್.

"ಓರಿನ್ ಇದ್ದಿದ್ರೆ ಏನನ್ನೋನು?" ಎಂದ.

"ಏನೂ ಅನ್ನೋನಲ್ಲ. ಅವನು ಯಾವತ್ತು ಏನಂದಿದಾನೆ? ರಸ್ತೆ ನೋಡ್ಕೊಂಡು ಓಡ್ಸು."

ಏಪ್ರಿಲ್ ಬಂತು, ಹಿಮ ಕರಗಿ ಊರೆಲ್ಲ ಕೆಸರಾಯಿತು. ಒಂದು ಬೆಳಗ್ಗೆ ಸಾಯರ್ ಕೆಸರು ಬೂಟಿನಲ್ಲೇ ಅವಳ ಅಡುಗೆಮನೆಗೆ ಬಂದು ಕುರ್ಚಿಯಲ್ಲಿ ಕುಸಿದ. ಕೂದಲು ಬಾಚಿರಲಿಲ್ಲ. ಗಲ್ಲದ ಜೋಲು ಎದ್ದು ಕಾಣುತ್ತಿತ್ತು.

"ನಾನು ಹಿಂದಕ್ಕೆ ಸರೀತೀನಿ ಥೀಡಾ. ನನ್ನ ಕೈಲಾಗಲ್ಲ."

ಅವಳು ಕಾಫಿ ಬಸಿಯುತ್ತಿದ್ದವಳು ತಿರುಗಿ ನೋಡಿದಳು.

"ಓರಿನ್ ಬಗ್ಗೆ ಹೇಳಿದ್ನಲ್ಲಾ, ಅದು ನಡೆದದ್ದಲ್ಲ. ನಿಮಗೆ ಗೊತ್ತೇ ಇದೆ. ನೀವು ಅಲ್ಲೇ ಕೂತಿದ್ರಿ, ಆದರೂ ನನ್ನ ಬಾಯಿಂದ ಬಂದ್ಬಿಡ್ತು. ಅಂತ್ಯಕ್ರಿಯೆ ದಿನ ಹೆಸರು ತಪ್ಪಿದ್ದೂ ನನಗೆ ಗೊತ್ತು. ಅರ್ಧದಲ್ಲೇ ಗೊತ್ತಾಯ್ತು. ನಿಲ್ಸಿ ತಿದ್ಕೊಳೋಕೆ ಧೈರ್ಯ ಬರಲಿಲ್ಲ. ಆಸ್ಪತ್ರೆ ಅಂದ್ರೆ ನನಗೆ ಭಯ, ಚಿಕ್ಕಂದಿನಿಂದ. ನಾನು ಒಳ್ಳೆ ಪಾದ್ರಿ ಅಲ್ಲ ಥೀಡಾ."

ಈ ಸಲ ಅವನು ಅಳಲಿಲ್ಲ. ದನಿಯಲ್ಲಿ ಬೆಣ್ಣೆಯೂ ಇರಲಿಲ್ಲ. ಮೂಗು ಕೆಂಪಾದ, ವಯಸ್ಸಾದ ಒಬ್ಬ ಗಂಡಸು ಮೇಜಿನ ಮೇಲಿದ್ದ ಉಪ್ಪಿನ ಕುಡಿಕೆಯನ್ನು ಆಚೆ ಈಚೆ ಸರಿಸುತ್ತಿದ್ದ. ಥೀಡಾ ಕಾಫಿ ಲೋಟವನ್ನು ಅವನ ಮುಂದಿಟ್ಟಳು. ಇನ್ನೊಂದು ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಆರು ವರ್ಷದಿಂದ ಎದೆಯಲ್ಲಿ ಗಂಟಾಗಿ ಕೂತಿದ್ದದ್ದು ಸ್ವಲ್ಪ ಸಡಿಲವಾದಂತೆನ್ನಿಸಿತು. ಹೋಗಲಿ ಬಿಡಿ ಲೋವೆಲ್ ಎಂಬ ಮಾತು ಬಾಯಿಗೆ ಬಂದಿತ್ತು. ಹೆಸರು ಸಮೇತ ಬಂದಿತ್ತು.

ಅವನು ಕಾಫಿ ಒಂದು ಗುಟುಕು ಕುಡಿದ. ಮುಖ ನಿಧಾನವಾಗಿ ಬೆಳಗಿತು.

"ಆದರೆ ಆ ತಪ್ಪು ನನ್ನನ್ನ ಎಷ್ಟು ಬೆಳೆಸ್ತು ಅಂತೀರಾ? ಒಬ್ಬ ಮನುಷ್ಯನ ಹೆಸರು ಮರೆತು ನಾನು ನನ್ನನ್ನೇ ಕಂಡ್ಕೊಂಡೆ. ಇದರ ಮೇಲೆ ಒಂದು ಹಂಚಿಕೆ ಮಾಡಬೇಕು ಅಂತಿದೀನಿ, ಈ ಭಾನುವಾರವೇ. ನೀವು ಪಕ್ಕದಲ್ಲಿ ಬಂದು ನಿಂತ್ರೆ, ನಾನು ನಿಮ್ಮ ಕೈ ಹಿಡ್ಕೊಂಡು, ಎಲ್ಲರ ಮುಂದೆ…"

ಅವನ ಗಂಟಲು ಕಟ್ಟಿತು.

ಥೀಡಾ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಸಡಿಲವಾದದ್ದು ಮತ್ತೆ ಬಿಗಿಯಿತು. ಸಹಿ ಹಾಕುವ ದಿನ ಮಾಲೀಕ ಮನಸ್ಸು ಬದಲಿಸುವುದು ಅವಳಿಗೆ ಹೊಸದಲ್ಲ. ಅಂಥ ಹೊತ್ತಿನಲ್ಲಿ ವಾದ ಮಾಡಬಾರದು. ಅವರು ಆಗಲೇ ಹೊಸ ಮನೆಗೆ ಹೋಗಿಬಿಟ್ಟಿದ್ದಾರೆಂಬಂತೆ ಮಾತಾಡಬೇಕು.

"ರೆವರೆಂಡ್, ಇದು ಹ್ಯಾರೋ ಮಿಲ್ಸಲ್ಲಿ ಹೇಳಿ ಮುಗಿಸೋ ಮಾತಲ್ಲ," ಎಂದಳು. "ಇಲ್ಲಿ ನಾವಿರೋದೇ ಒಂದು ಹಿಡಿ ಮುದುಕರು. ಅರ್ಧ ಜನಕ್ಕೆ ಕಿವಿ ಕೇಳಲ್ಲ. ಇಂಥಾದ್ದನ್ನ ಇಡೀ ದೇಶ ಕೇಳಬೇಕು. ಅಧ್ಯಕ್ಷರಾಗಿ ನಿಂತು ಹೇಳಿದಾಗ ಅದರ ತೂಕವೇ ಬೇರೆ."

"ಹಾಗಂತೀರಾ?"

"ತಪ್ಪು ಒಪ್ಕೊಳೋ ಅಧ್ಯಕ್ಷ ಅಂದ್ರೆ ಎಲ್ಲರಿಗೂ ಹೊಸದು."

ಅವನು ಉಪ್ಪಿನ ಕುಡಿಕೆಯನ್ನು ಬಿಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡ. ಹೋಗುವಾಗ ಅವಳನ್ನು ತಬ್ಬಿಕೊಂಡ. ಥೀಡಾ ಎರಡೂ ಕೈ ಕೆಳಗೆ ಬಿಟ್ಟುಕೊಂಡು ನಿಂತಿದ್ದು, ಬಾಗಿಲು ಹಾಕಿ ಬಂದು, ನೆಲದ ಮೇಲಿನ ಕೆಸರನ್ನು ಮಂಡಿಯೂರಿ ಒರೆಸಿದಳು. ಒರೆಸುತ್ತಾ ತನ್ನನ್ನೂ ಒಂದು ಕೆಟ್ಟ ಮಾತಿನಲ್ಲಿ ಬೈದುಕೊಂಡಳು. ಉಳಿದವರಿಗೆ ಬೈದಷ್ಟು ಖಾರವಾಗಿ ಏನಲ್ಲ.

ಜೂನ್‌ನಲ್ಲಿ ಪ್ರಾವಿಡೆನ್ಸಿನ ದೊಡ್ಡ ಸಭಾಭವನದಲ್ಲಿ ಸಾವಿರಾರು ಜನ ಸೇರಿದರು. ಎಲ್ಲಿ ನೋಡಿದರೂ ಕೊರಳಪಟ್ಟಿ, ಬಣ್ಣದ ಶಾಲು, ಬಟ್ಟೆ ಚೀಲ. ಹವಾನಿಯಂತ್ರಣದ ಚಳಿ ಭೂಮಿಗೆ ಅನ್ಯಾಯವೋ ಅಲ್ಲವೋ ಎಂಬುದರ ಮೇಲೆ ಒಂದು ಇಡೀ ಬೆಳಗ್ಗೆ ಚರ್ಚೆ ನಡೆಯಿತು. ಥೀಡಾ ಸ್ವೆಟರ್ ಹಾಕಿಕೊಂಡು ಪ್ರತಿನಿಧಿಗಳ ನಡುವೆ ಓಡಾಡಿದಳು. ಒಬ್ಬೊಬ್ಬರ ಮುಖ ನೋಡಿ ಒಂದೊಂದು ಕಿಟಕಿ. ಸಾಯರ್ ಕಡೆಯ ಭಾಷಣದಲ್ಲಿ ಅವಳು ಹೇಳಿಕೊಟ್ಟ ಜಾಗದಲ್ಲೇ ಅತ್ತ. ಪೆಲ್ಕಿ ತನ್ನ ಪಾಲಿನ ಸಮಯವನ್ನೂ ಪೂರ್ತಿ ಬಳಸಲಿಲ್ಲ. ಸಂಜೆ ಎಣಿಕೆ ಮುಗಿದಾಗ ಸಾಯರ್ ಕೂದಲೆಳೆಯ ಅಂತರದಲ್ಲಿ ಗೆದ್ದಿದ್ದ.

ಕೈಡೋಲುಗಳು ಮೊಳಗಿದವು. ಜನ ಸಾಲುಗಳ ನಡುವೆ ಕುಣಿದರು. ಹಿಂದಿನ ಬಾಗಿಲ ಬಳಿ ಪೆಲ್ಕಿ ಕೋಲೂರಿ ನಿಂತಿದ್ದಳು. ಅವಳ ಪಕ್ಕದಲ್ಲಿದ್ದ ಖಜಾಂಚಿ, ಅವನ ಹೆಂಡತಿ, ಅವಳ ಅಕ್ಕ ಮೂವರೂ ಹೆಣ ಹೊರುವವರ ಮುಖ ಮಾಡಿಕೊಂಡಿದ್ದರು. ಪೆಲ್ಕಿ ಥೀಡಾಳನ್ನು ನೋಡಿ ದೂರದಿಂದಲೇ ಟೋಪಿ ಎತ್ತಿದಳು. ಗಸ್ ಮಾತ್ರ ಕುಣಿಯುವವರ ಮಧ್ಯೆ ಕೂತು, ಮಗುವಿನಂತೆ ಎರಡೂ ಕೈಯಿಂದ ಮೊಣಕಾಲು ಬಡಿದುಕೊಳ್ಳುತ್ತಿದ್ದ. ಇನ್ನು ಮೇಲೆ ಎಲ್ಲ ಭಾನುವಾರವೂ ಆರ್ಗನ್ ಅವನದು.

ಬೇಸಿಗೆ ಮುಗಿಯುವುದರೊಳಗೆ ಸಾಯರ್ ಬಾಸ್ಟನ್ನಿಗೆ ಹೋದ. ಅಧ್ಯಕ್ಷನಾಗಿ ಅವನಿಂದ ದೊಡ್ಡ ಕೆಡುಕೇನೂ ಆಗಲಿಲ್ಲ. ಆ ಕುರ್ಚಿಯಲ್ಲಿ ಕೂತವರಿಂದ ಕೆಡುಕಾಗಲಿ ಒಳಿತಾಗಲಿ ಆಗದಂತೆ ನೋಡಿಕೊಳ್ಳಲು ಅಲ್ಲಿ ಸಾಕಷ್ಟು ಸಮಿತಿಗಳಿದ್ದವು. ಊರೂರು ಸುತ್ತಿ ಅತ್ತ. ಪಂಥದ ಪತ್ರಿಕೆಯಲ್ಲಿ ತಿಂಗಳಿಗೊಮ್ಮೆ ಅವನ ಲೇಖನ ಬರುತ್ತಿತ್ತು. ಥೀಡಾ ಅದನ್ನು ಒಲೆ ಹೊತ್ತಿಸಲು ಬಳಸುತ್ತಿದ್ದಳು. ಆದರೆ ಮೊದಲು ಒಂದಕ್ಷರ ಬಿಡದೆ ಓದುತ್ತಿದ್ದಳು, ಅದೂ ನಿಜವೇ.

ಹ್ಯಾರೋ ಮಿಲ್ಸಿಗೆ ತಾತ್ಕಾಲಿಕವಾಗಿ ಹೋಮರ್ ಟ್ವಿಚೆಲ್ ಎಂಬ ಪಾದ್ರಿ ಬಂದ. ನಲವತ್ತರ ಆಸುಪಾಸಿನ, ಬೋಳು ತಲೆಯ, ಮೆತ್ತಗಿನ ಮನುಷ್ಯ. ಪ್ರವಚನವನ್ನು ಪ್ರವಚನ ಎಂದೇ ಕರೆದ, ಚುಟುಕಾಗಿ ಮುಗಿಸಿದ. ಚಾವಣಿ ರಿಪೇರಿಗೆ ಆಳು ಕರೆಸಿದ. ಗಸ್ಸನ ಸೊಂಟದ ಮೂಳೆ ಮುರಿದಾಗ ಆಸ್ಪತ್ರೆಗೆ ಹೋಗಿ, ಮಾತಿಲ್ಲದೆ ಪಕ್ಕದಲ್ಲಿ ಕೂತು, ಬೇಸ್‌ಬಾಲ್ ಆಟ ನೋಡಿ ಬಂದ. ಸಾಯರನಿಗೆ ಮರುಳಾಗಿದ್ದ ಮುದುಕಿಯರು ಒಂದಷ್ಟು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ಇವನಿಗೂ ಕೈಗವಸು ಹೆಣೆದುಕೊಟ್ಟರು.

ಥೀಡಾಳಿಗೆ ಭಾನುವಾರಗಳು ಸಪ್ಪೆಯಾದವು. ಮೊದಲಾದರೆ ಚರ್ಚು ಬಿಟ್ಟ ಮೇಲೆ ಅವಳೂ ಗಸ್ಸೂ ಅವಳ ಅಡುಗೆಮನೆಯಲ್ಲಿ ಕೂತು ಸಾಯರನ ಒಂದೊಂದು ಮಾತನ್ನೂ ಎಳೆದೆಳೆದು ಹರಿಯುತ್ತಿದ್ದರು, ಊಟದ ಹೊತ್ತು ಮೀರುತ್ತಿದ್ದದ್ದೂ ತಿಳಿಯುತ್ತಿರಲಿಲ್ಲ. ಈಗ ಗಸ್ ಆರ್ಗನ್ನಿನ ಮಾತು ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲ.

"ಇವನಲ್ಲಿ ಏನಿದೆ ಅಂತ ಎಲ್ಲ ಮೆಚ್ಕೊಂಡಿದೀರಾ?" ಎಂದಳು ಅವಳು ಒಂದು ದಿನ.

"ಏನು ಕಮ್ಮಿ ಇದೆ ಹೇಳು ನೋಡೋಣ."

"ಸಾಕ್ಸ್ ಮೇಲೆ ಚಪ್ಪಲಿ ಹಾಕ್ಕೋತಾನೆ."

"ಅಷ್ಟೇನಾ?"

"ಇನ್ನೂ ಬಂದು ಎಷ್ಟು ದಿನ ಆಯ್ತು? ನೋಡೋಣ ಇರು."

"ನಿನಗೆ ಯಾರಾದ್ರೂ ಆಗ್ತಾರೇನೇ ಈ ಲೋಕದಲ್ಲಿ?" ಎಂದ ಗಸ್, ಊರುಗೋಲಿಗೆ ಕೈ ಚಾಚುತ್ತಾ. ಬೇಸರದಿಂದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದ. ಅವಳು ಸ್ವಲ್ಪ ಯೋಚಿಸಿ, ಮೇನ್‌ನಲ್ಲಿ ಒಬ್ಬಳಿದ್ದಾಳೆ, ಮಂಡಿ ಸರಿಯಿಲ್ಲ ಎಂದಳು.

ಹಿಮ ಬೀಳುವುದಕ್ಕೆ ಮುಂಚೆ ಟ್ವಿಚೆಲ್ ಅವಳ ಮನೆಗೂ ಬಂದ. ಬೂಟು ಹೊರಗೇ ಕಳಚಿ ಒಳಗೆ ಬಂದ. ಓರಿನ್ ಬಗ್ಗೆ ಕೇಳಿದ, ಅವಳು ಹೇಳಿದಷ್ಟು ಕೇಳಿಸಿಕೊಂಡ, ಮೇಲೆ ತನ್ನದೊಂದೂ ಸೇರಿಸಲಿಲ್ಲ. ಆಮೇಲೆ, "ಮಿಸೆಸ್ ಬ್ರಾಕೆಟ್, ನನ್ನ ಕೆಲಸದಲ್ಲಿ ಏನಾದ್ರೂ ಸರಿಯಿಲ್ಲ ಅನ್ಸಿದ್ರೆ ಮುಲಾಜಿಲ್ಲದೆ ಹೇಳಿ," ಎಂದ.

ಥೀಡಾ ಬಾಯಿ ತೆರೆದಳು. ಹೇಳಲು ಏನೂ ಸಿಗಲಿಲ್ಲ. ಇದಕ್ಕಿಂತ ಹೆಚ್ಚಿನ ಸಿಟ್ಟು ತನಗೆ ಯಾವತ್ತಾದರೂ ಬಂದಿತ್ತೇ ಎಂದು ಅವಳಿಗೆ ನೆನಪಾಗಲಿಲ್ಲ.

"ಊಟ ಮಾಡ್ಕೊಂಡು ಹೋಗಿ," ಎಂದಳು.

ಬೀನ್ಸನ್ನೂ ಕಂದು ರೊಟ್ಟಿಯನ್ನೂ ಬಡಿಸಿದಳು. ಅವನು ಚೆನ್ನಾಗಿದೆ ಎಂದು ಎರಡನೇ ಸಲ ಕೇಳಿ ಹಾಕಿಸಿಕೊಂಡ. ಥೀಡಾ ಎದುರು ಕುರ್ಚಿಯಲ್ಲಿ ಕೈಕಟ್ಟಿ ಕೂತು ಅವನನ್ನೇ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಮುಖ ಒಂದಿಷ್ಟು ಗೆಲುವಾಯಿತು. ಅವನು ಅಗಿಯುವ ರೀತಿ ಅವಳಿಗೆ ಹಿಡಿಸಲಿಲ್ಲ.